ಒಂದೇ ಬಿಸಿಲು, ಹಲವು ಪದರ: ಸೌರಕೋಶ ಸಂಶೋಧನೆಯ ಹೊಸ ದಿಕ್ಕು

(ಬೆಟ್ಟದ ತಪ್ಪಲಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸೌರ ವಿದ್ಯುತ್ತಿನ ಮಾತು ಬಂದಾಗಲೆಲ್ಲ, ಬಿಸಿಲಿಗೆ ಯಾರೂ ಕಾಸು ಕೊಡಬೇಕಾಗಿಲ್ಲ ಎಂಬ ಸಮಾಧಾನದ ನುಡಿ ಮೊದಲು ಕೇಳಿಬರುತ್ತದೆ. ಅದು ನಿಜವೇ. ಆದರೆ ಬಿಸಿಲು ಬೀಳುವ ನೆಲಕ್ಕೆ ಬೆಲೆಯಿದೆ. ಆ ನೆಲವನ್ನು ಈಗಾಗಲೇ ಯಾರೋ ಉಳುತ್ತಿರುತ್ತಾರೆ. ಅಲ್ಲಿ ಯಾರದೋ ಕುರಿ ಮೇಯುತ್ತಿರುತ್ತದೆ, ಯಾವುದೋ ಹಕ್ಕಿ ಗೂಡು ಕಟ್ಟಿರುತ್ತದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕು 2019ರ ಕೊನೆಗೆ ಪೂರ್ಣಗೊಂಡಾಗ ಅದು ಐದು ಗ್ರಾಮಗಳ ಸುಮಾರು 13,000 ಎಕರೆಯನ್ನು ಆವರಿಸಿತ್ತು. ಅಲ್ಲಿ ಭೂಮಿಯನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗುವ ಗುತ್ತಿಗೆಗೆ ಪಡೆಯಲಾಯಿತು. ಬರದಿಂದ ಕಂಗೆಟ್ಟಿದ್ದ ಭೂಮಾಲೀಕರಿಗೆ ಅದೊಂದು ನಿಶ್ಚಿತ ಆದಾಯವಾಯಿತು. ಆದರೆ ಪರರ ಹೊಲದಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರಿಗೂ ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಆ ಗುತ್ತಿಗೆಯ ಹಣದಲ್ಲಿ ಪಾಲಿರಲಿಲ್ಲ.

ಇನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯನ್ನು ನೋಡಬೇಕು. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಪ್ರದೇಶದಲ್ಲಿ ಪಾವಗಡದಂಥ ಬಯಲಿಲ್ಲ. ತಗ್ಗಿನಲ್ಲಿ ರಾಗಿ, ಹಿಪ್ಪುನೇರಳೆ, ಮಾವು. ಎತ್ತರದಲ್ಲಿ ಬಂಡೆ ಮತ್ತು ಕುರುಚಲು ಕಾಡು. ಪೂರ್ವ ದಿಕ್ಕಿನಿಂದ ಮಹಾನಗರವು ವರ್ಷ ವರ್ಷಕ್ಕೂ ಹತ್ತಿರ ಸರಿಯುತ್ತಿದೆ. ನಕ್ಷೆಯ ಮೇಲೆ ಕಣ್ಣಾಡಿಸುವವರಿಗೆ ಬಂಡೆಯ ಬೆಟ್ಟ ಖಾಲಿ ಜಾಗವಾಗಿ ಕಾಣುತ್ತದೆ. ಆದರೆ ಅಂಥ ಒಂದು ಬಂಡೆಯ ಬೆಟ್ಟವಾದ ರಾಮದೇವರ ಬೆಟ್ಟವನ್ನು ಉದ್ದ ಕೊಕ್ಕಿನ ರಣಹದ್ದುಗಳ ನೆಲೆಯೆಂಬ ಕಾರಣಕ್ಕೆ 2012ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಯಾವ ನೆಲವೂ ಖಾಲಿಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೀಗಿರುವಾಗ, ಅಷ್ಟೇ ಬಿಸಿಲಿನಿಂದ ಹೆಚ್ಚು ವಿದ್ಯುತ್ತನ್ನು, ಅಂದರೆ ಅಷ್ಟೇ ವಿದ್ಯುತ್ತನ್ನು ಕಡಿಮೆ ನೆಲದಿಂದ ಪಡೆಯುವ ದಾರಿಯೊಂದಿದ್ದರೆ ಅದು ಕೇವಲ ವಿಜ್ಞಾನಿಗಳ ಕುತೂಹಲದ ವಿಷಯವಾಗಿ ಉಳಿಯುವುದಿಲ್ಲ. ಬೆಟ್ಟದ ತಪ್ಪಲಿನ ಬದುಕಿಗೂ ಅದರ ಸಂಬಂಧವಿದೆ. ಆ ದಾರಿಯ ಹೆಸರು ಬಹುಪದರ ಸೌರಕೋಶ. ಅದು ಏನು, ಎಲ್ಲಿಯವರೆಗೆ ಬಂದಿದೆ, ಹಳ್ಳಿಗೆ ಬರುವಾಗ ಅದನ್ನು ಯಾವ ಪ್ರಶ್ನೆ ಕೇಳಿ ಒಳಗೆ ಬಿಟ್ಟುಕೊಳ್ಳಬೇಕು ಎಂಬುದು ಈ ಉಪನ್ಯಾಸದ ವಿಷಯ.

ಬಿಸಿಲಿನ ಬಹುಪಾಲು ಎಲ್ಲಿಗೆ ಹೋಗುತ್ತದೆ?

ಮೋಡವಿಲ್ಲದ ಮಧ್ಯಾಹ್ನ, ಸೂರ್ಯನಿಗೆ ನೇರವಾಗಿ ಮುಖ ಮಾಡಿದ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,000 ವಾಟ್‌ನಷ್ಟು ಶಕ್ತಿ ಬೀಳುತ್ತದೆ. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಉತ್ತಮ ಸಿಲಿಕಾನ್ ಫಲಕ ಅದರಲ್ಲಿ ಸುಮಾರು 220 ವಾಟ್‌ನಷ್ಟನ್ನು ವಿದ್ಯುತ್ತಾಗಿ ಕೊಡುತ್ತದೆ. ಇದನ್ನೇ ಶೇ. 22ರ ದಕ್ಷತೆ ಎನ್ನುವುದು. ಉಳಿದ 780 ವಾಟ್‌ನ ಬಹುಪಾಲು ಶಾಖವಾಗಿ ಹೋಗುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಫಲಕದ ಬೆನ್ನನ್ನು ಮುಟ್ಟಿದವರಿಗೆ ಇದರ ಅರಿವಿರುತ್ತದೆ.

ಇದು ತಯಾರಕರ ಅಜಾಗರೂಕತೆಯ ಫಲವಲ್ಲ, ಪ್ರಕೃತಿಯ ನಿಯಮ. ಬಿಸಿಲು ಬಿಳಿಯಾಗಿ ಕಂಡರೂ ಅದು ಹಲವು ಬಣ್ಣಗಳ ಮಿಶ್ರಣ. ಬೆಳಕು ಕಣಗಳಾಗಿ ಬರುತ್ತದೆ. ನೇರಳೆ ಮತ್ತು ನೀಲಿ ಬಣ್ಣದ ಕಣಗಳಲ್ಲಿ ಶಕ್ತಿ ಹೆಚ್ಚು, ಕೆಂಪಿನಲ್ಲಿ ಕಡಿಮೆ, ಕಣ್ಣಿಗೆ ಕಾಣದ ಅವಗೆಂಪಿನಲ್ಲಿ ಇನ್ನೂ ಕಡಿಮೆ. ಸಿಲಿಕಾನಿನೊಳಗಿನ ಒಂದು ಎಲೆಕ್ಟ್ರಾನನ್ನು ಅದರ ನೆಲೆಯಿಂದ ಎಬ್ಬಿಸಿ ಹರಿಯುವಂತೆ ಮಾಡಲು ಒಂದು ನಿಗದಿತ ಶಕ್ತಿ ಬೇಕು. ವಿಜ್ಞಾನದ ಮಾನದಲ್ಲಿ ಅದು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್. ಇದಕ್ಕಿಂತ ಕಡಿಮೆ ಶಕ್ತಿಯ ಕಣ ಬಂದರೆ ಅದು ಏನನ್ನೂ ಮಾಡದೆ ದಾಟಿಹೋಗುತ್ತದೆ. ಹೆಚ್ಚು ಶಕ್ತಿಯ ಕಣ ಬಂದರೆ ಎಲೆಕ್ಟ್ರಾನ್ ಏಳುತ್ತದೆ, ಆದರೆ ಮಿಕ್ಕ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. 2.7 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನೀಲಿ ಕಣ ಬಂದರೂ ಸಿಲಿಕಾನಿಗೆ ದಕ್ಕುವುದು ಹೆಚ್ಚೆಂದರೆ 1.1 ಮಾತ್ರ.

ಜಲವಿದ್ಯುತ್ತನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಸುಲಭ. ಬೇರೆ ಬೇರೆ ಎತ್ತರದ ಗುಡ್ಡಗಳಿಂದ ಹಳ್ಳಗಳು ಇಳಿದು ಬರುತ್ತಿವೆ ಎನ್ನಿ. ಕೆಳಗೆ ಒಂದೇ ಮಟ್ಟದಲ್ಲಿ ಒಂದೇ ಚಕ್ರವನ್ನು ಕೂರಿಸಿದರೆ, ಎತ್ತರದ ಗುಡ್ಡದ ನೀರು ಆ ಮಟ್ಟಕ್ಕೆ ಬರುವ ಮೊದಲೇ ಬಂಡೆಗಳಿಗೆ ಬಡಿದು ತನ್ನ ಬಲವನ್ನು ಕಳೆದುಕೊಂಡಿರುತ್ತದೆ. ಚಕ್ರಕ್ಕಿಂತ ತಗ್ಗಿನಲ್ಲಿರುವ ಹಳ್ಳದ ನೀರು ಅದಕ್ಕೆ ತಾಗುವುದೇ ಇಲ್ಲ. ಒಂದೇ ಪದರದ ಸೌರಕೋಶದ ಸ್ಥಿತಿ ಇದು. ವಿಲಿಯಂ ಶಾಕ್ಲಿ ಮತ್ತು ಹ್ಯಾನ್ಸ್ ಕ್ವೈಸರ್ ಎಂಬ ವಿಜ್ಞಾನಿಗಳು 1961ರಲ್ಲಿ ಈ ನಷ್ಟದ ಲೆಕ್ಕ ಹಾಕಿದರು. ಅವರ ವಿಧಾನದ ಪ್ರಕಾರ ಒಂದೇ ಪದರದ ಕೋಶ, ಎಷ್ಟೇ ನಿರ್ದೋಷವಾಗಿ ತಯಾರಾದರೂ, ಸಾಮಾನ್ಯ ಬಿಸಿಲಿನಲ್ಲಿ ಶೇ. 33ರಷ್ಟನ್ನು ಮೀರಿ ಹೆಚ್ಚೇನೂ ಕೊಡಲಾರದು. ಸಿಲಿಕಾನಿಗೆ ಈ ಮಿತಿ ಇನ್ನೂ ಕೆಳಗೆ, ಸುಮಾರು ಶೇ. 29.4. ಪ್ರಯೋಗಾಲಯದಲ್ಲಿ ಸಿಲಿಕಾನ್ ಕೋಶ ಈಗಾಗಲೇ ಶೇ. 27ನ್ನು ದಾಟಿದೆ. ಏಣಿಯಲ್ಲಿ ಇನ್ನು ಉಳಿದಿರುವುದು ಒಂದೆರಡು ಮೆಟ್ಟಿಲು ಮಾತ್ರ.

ಜರಡಿಯ ಮೇಲೆ ಜರಡಿ

ಹಾಗಾದರೆ ಮಾಡಬೇಕಾದುದೇನು? ಕಣದಲ್ಲಿ ಧಾನ್ಯ ಜರಡಿ ಹಿಡಿಯುವವರಿಗೆ ಉತ್ತರ ಗೊತ್ತಿದೆ. ದೊಡ್ಡ ಕಣ್ಣಿನ ಜರಡಿಯನ್ನು ಮೇಲೆ, ಸಣ್ಣ ಕಣ್ಣಿನದನ್ನು ಕೆಳಗೆ ಇಟ್ಟರೆ ದಪ್ಪ ಕಾಳು ಮೇಲೆಯೇ ನಿಲ್ಲುತ್ತದೆ, ಸಣ್ಣ ಕಾಳು ಕೆಳಗಿನದರಲ್ಲಿ ನಿಲ್ಲುತ್ತದೆ. ಬಹುಪದರ ಸೌರಕೋಶದ ತತ್ತ್ವವೂ ಇಷ್ಟೇ. ಹೆಚ್ಚು ಶಕ್ತಿಯ ನೀಲಿ, ಹಸಿರು ಕಣಗಳನ್ನು ಹಿಡಿಯುವ ವಸ್ತುವನ್ನು ಮೇಲಿನ ಪದರವಾಗಿಯೂ, ಅಲ್ಲಿಂದ ಸೋಸಿ ಬರುವ ಕೆಂಪು ಹಾಗೂ ಅವಗೆಂಪು ಕಣಗಳನ್ನು ಹಿಡಿಯುವ ವಸ್ತುವನ್ನು ಕೆಳಗಿನ ಪದರವಾಗಿಯೂ ಜೋಡಿಸಲಾಗುತ್ತದೆ. ಪ್ರತಿಯೊಂದು ಪದರವೂ ತನಗೆ ತಕ್ಕ ಕಣವನ್ನು, ಕಡಿಮೆ ನಷ್ಟದೊಂದಿಗೆ ವಿದ್ಯುತ್ತಾಗಿಸುತ್ತದೆ.

ಇದೇ ಉಪಾಯವನ್ನು ನಾಡಿನ ಜಲವಿದ್ಯುತ್ ಎಂಜಿನಿಯರುಗಳು ಶರಾವತಿಯಲ್ಲಿ ಬಹಳ ಹಿಂದೆಯೇ ಬಳಸಿದ್ದಾರೆ. ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿ ಒಂದು ವಿದ್ಯುದಾಗಾರ, ತಳಕಳಲೆಯಿಂದ ಧುಮುಕಿದ ನೀರಿಗೆ ಇನ್ನೊಂದು, ಅದೇ ನೀರು ಗೇರುಸೊಪ್ಪೆಗೆ ಬಂದಾಗ ಮತ್ತೊಂದು. ನದಿ ಒಂದೇ, ಇಳಿಜಾರಿನ ಪ್ರತಿ ಹಂತದಲ್ಲೂ ಒಂದೊಂದು ಚಕ್ರ. ಆ ನದಿಯಲ್ಲಿ ಈ ಹಂತಗಳಿಗಾಗಿ ಊರುಗಳೂ ಕಾಡುಗಳೂ ಮುಳುಗಿದವು ಎಂಬುದನ್ನು ಮರೆಯಲಾಗದು. ಸೌರಕೋಶದ ಹಂತಗಳೋ ಬಹಳ ತೆಳುವಾದವು. ಅವು ಒಂದರ ಮೇಲೊಂದು ಕೂರುತ್ತವೆಯೇ ಹೊರತು ಪಕ್ಕದ ನೆಲವನ್ನು ಕೇಳುವುದಿಲ್ಲ. ಈ ತಂತ್ರದ ಮೇಲಿನ ಆಸೆಗೆ ಮೂಲಕಾರಣ ಇದೇ.

ಲೆಕ್ಕದ ಪ್ರಕಾರ ಎರಡು ಪದರಗಳ ಕೋಶ ಸುಮಾರು ಶೇ. 45ರವರೆಗೆ ಏರಬಹುದು. ಪದರಗಳನ್ನು ಹೆಚ್ಚಿಸುತ್ತ ಹೋದರೆ ಸಾಮಾನ್ಯ ಬಿಸಿಲಿನಲ್ಲಿ ಶೇ. 68ರ ಸಮೀಪ ತಲುಪಬಹುದು. ಆದರೆ ಪ್ರತಿ ಹೊಸ ಪದರವೂ ಹಿಂದಿನದಕ್ಕಿಂತ ಕಡಿಮೆ ಲಾಭ ತರುತ್ತದೆ, ಹೆಚ್ಚು ಖರ್ಚು ತರುತ್ತದೆ. ಸಂಶೋಧಕರ ಗಮನ ಹೆಚ್ಚಾಗಿ ಎರಡು ಮತ್ತು ಮೂರು ಪದರಗಳ ಮೇಲೆ ನೆಟ್ಟಿರುವುದು ಇದಕ್ಕಾಗಿ.

ಮೊದಲು ಆಕಾಶ, ಆಮೇಲೆ ನೆಲ

ಬಹುಪದರ ಕೋಶ ಹೊಸತಲ್ಲ. ಬಿಡದಿಗೆ ಸಮೀಪದ ಬ್ಯಾಲಾಳು ಗ್ರಾಮದಲ್ಲಿ 32 ಮೀಟರ್ ವ್ಯಾಸದ ದೈತ್ಯ ಆಂಟೆನಾ ಇರುವುದು ಈ ಭಾಗದ ಶಾಲಾ ಮಕ್ಕಳಿಗೆಲ್ಲ ಗೊತ್ತು. 2008ರ ಅಕ್ಟೋಬರಿನಲ್ಲಿ, ಚಂದ್ರಯಾನ-1ರ ಉಡಾವಣೆಗೆ ಕೆಲವೇ ದಿನ ಮೊದಲು ಉದ್ಘಾಟನೆಗೊಂಡ ಇಸ್ರೋದ ಈ ಕೇಂದ್ರವು ಚಂದ್ರನತ್ತ, ಮಂಗಳನತ್ತ, ಸೂರ್ಯನತ್ತ ಹೋದ ನೌಕೆಗಳ ದನಿಯನ್ನು ಆಲಿಸುತ್ತ ಬಂದಿದೆ. ಅಷ್ಟು ದೂರ ಹೋಗುವ ನೌಕೆಗೆ ದಾರಿಯಲ್ಲಿ ಇಂಧನ ತುಂಬುವವರಿಲ್ಲ, ಬಿಸಿಲೇ ಆಧಾರ. ಆದರೆ ಅಲ್ಲಿ ಜಾಗವೂ ತೂಕವೂ ಅತಿ ದುಬಾರಿ. ಸಣ್ಣ ರೆಕ್ಕೆಯಿಂದ ಹೆಚ್ಚು ವಿದ್ಯುತ್ ಬೇಕು. ಆದ್ದರಿಂದ ಬಹುಪದರ ಕೋಶಗಳು ಮೊದಲು ನೆಲೆಯೂರಿದ್ದು ಬಾಹ್ಯಾಕಾಶದಲ್ಲಿ. ಗ್ಯಾಲಿಯಂ ಇಂಡಿಯಂ ಫಾಸ್ಫೈಡ್, ಗ್ಯಾಲಿಯಂ ಆರ್ಸೆನೈಡ್ ಹಾಗೂ ಜರ್ಮೇನಿಯಂ ಎಂಬ ಮೂರು ವಸ್ತುಗಳ ಪದರಗಳಿಂದಾದ ಕೋಶಗಳು 2004ರಲ್ಲಿ ಮಂಗಳದ ಮೇಲಿಳಿದ ಅಮೆರಿಕದ ಸ್ಪಿರಿಟ್ ಮತ್ತು ಆಪರ್ಚುನಿಟಿ ಗಾಡಿಗಳನ್ನು ನಡೆಸಿದವು. ಇಂದು ಉಪಗ್ರಹಗಳ ರೆಕ್ಕೆಗಳಲ್ಲಿ ಇವು ರೂಢಿಯ ವಸ್ತು.

ಈ ಜಾತಿಯ ಕೋಶಗಳ ಸಾಧನೆ ಬೆರಗು ಹುಟ್ಟಿಸುವಂಥದು. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2022ರಲ್ಲಿ ಮೂರು ಪದರಗಳ ಕೋಶದಿಂದ ಸಾಮಾನ್ಯ ಬಿಸಿಲಿನಲ್ಲಿ ಶೇ. 39.5ನ್ನು ಪಡೆಯಿತು. ಅದೇ ವರ್ಷ ಜರ್ಮನಿಯ ಫ್ರಾನ್‌ಹೋಫರ್ ಸೌರಶಕ್ತಿ ಸಂಸ್ಥೆ ನಾಲ್ಕು ಪದರಗಳ ಕೋಶದ ಮೇಲೆ 665 ಪಟ್ಟು ಸಾಂದ್ರಗೊಳಿಸಿದ ಬೆಳಕನ್ನು ಬಿಟ್ಟು ಶೇ. 47.6ನ್ನು ಮುಟ್ಟಿತು. ಆದರೆ ಇವುಗಳ ಪದರಗಳನ್ನು ನಿರ್ವಾತ ಕೋಠಿಗಳಲ್ಲಿ, ಒಂದೊಂದೇ ಪರಮಾಣು ಸಾಲಿನಂತೆ ಬೆಳೆಸಬೇಕು. ಉಪಗ್ರಹಕ್ಕೆ ಒಪ್ಪುವ ಆ ಖರ್ಚು ರೈತನ ಪಂಪ್‌ಸೆಟ್ಟಿಗೆ ಒಪ್ಪುವುದಿಲ್ಲ. ಆಕಾಶದಲ್ಲಿದ್ದ ತಂತ್ರವನ್ನು ನೆಲಕ್ಕೆ ಇಳಿಸಬೇಕಾದರೆ ಅಗ್ಗದ ಮೇಲ್ಪದರವೊಂದು ಬೇಕಿತ್ತು.

ಪೆರೋವ್‌ಸ್ಕೈಟ್ ತಂದ ತಿರುವು

ಆ ಮೇಲ್ಪದರ ದೊರೆತದ್ದು ಪೆರೋವ್‌ಸ್ಕೈಟ್ ಎಂಬ ವಸ್ತುಗಳ ಕುಟುಂಬದಲ್ಲಿ. 1839ರಲ್ಲಿ ರಷ್ಯಾದ ಉರಾಲ್ ಪರ್ವತಗಳಲ್ಲಿ ಸಿಕ್ಕ ಒಂದು ಖನಿಜಕ್ಕೆ ಇಟ್ಟ ಹೆಸರು ಅದು. ಅದೇ ಬಗೆಯ ಹರಳು ರಚನೆಯುಳ್ಳ, ಆದರೆ ಸೀಸ ಮತ್ತು ಅಯೋಡಿನ್‌ನಂಥ ಧಾತುಗಳಿಂದಾದ ವಸ್ತುವನ್ನು ಜಪಾನಿನ ತ್ಸುತೊಮು ಮಿಯಾಸಾಕಾ ಮತ್ತು ಸಂಗಡಿಗರು 2009ರಲ್ಲಿ ಸೌರಕೋಶಕ್ಕೆ ಬಳಸಿದಾಗ ದೊರೆತ ದಕ್ಷತೆ ಶೇ. 3.8 ಮಾತ್ರ. ಅದು ಕೆಲವೇ ನಿಮಿಷ ಬಾಳುವಂಥದಾಗಿತ್ತು. ಇಂದು ಇದೇ ಕುಟುಂಬದ ಒಂದೇ ಪದರದ ಕೋಶ ಶೇ. 26ನ್ನು ದಾಟಿದೆ. ಸಿಲಿಕಾನ್ ಇಷ್ಟು ದೂರ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿದಿತ್ತು.

ಇದರ ಗುಣಗಳು ಎರಡು. ಮೊದಲನೆಯದಾಗಿ, ಸಿಲಿಕಾನನ್ನು ಕರಗಿಸಲು 1,400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣತೆ ಬೇಕು. ಪೆರೋವ್‌ಸ್ಕೈಟನ್ನು ದ್ರಾವಣವಾಗಿ ಬಳಿದು, 100ರಿಂದ 150 ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸಿದರೆ ಸಾಕು. ಎರಡನೆಯದಾಗಿ, ಅದರ ಘಟಕಗಳ ಪ್ರಮಾಣವನ್ನು ಬದಲಿಸಿ ಅದು ಯಾವ ಬಣ್ಣದವರೆಗೆ ಹೀರಬೇಕೆಂಬುದನ್ನು ನಿರ್ಧರಿಸಬಹುದು. ಸಿಲಿಕಾನಿನ ಮೇಲೆ ಕೂರಲು ತಕ್ಕಂತೆ ಸುಮಾರು 1.7 ಎಲೆಕ್ಟ್ರಾನ್ ವೋಲ್ಟ್‌ಗೆ ಅದನ್ನು ಹೊಂದಿಸಲಾಗುತ್ತದೆ. ಹೀಗೆ ಹಳೆಯ ಸಿಲಿಕಾನಿನ ಮೇಲೆ ಹೊಸ ಪೆರೋವ್‌ಸ್ಕೈಟಿನ ಜೋಡಿ ಹುಟ್ಟಿತು.

ಈ ಜೋಡಿಯ ಏರಿಕೆಯನ್ನು ವರ್ಷವಾರು ನೋಡಬೇಕು. 2015ರಲ್ಲಿ ಒಂದೇ ತುಂಡಾಗಿ ತಯಾರಾದ ಮೊದಲ ಜೋಡಿಕೋಶದ ದಕ್ಷತೆ ಶೇ. 13.7. 2018ರಲ್ಲಿ ಬ್ರಿಟನ್ನಿನ ಆಕ್ಸ್‌ಫರ್ಡ್ ಪಿವಿ ಸಂಸ್ಥೆ ಶೇ. 28ನ್ನು ತಲುಪಿತು. 2022ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಶೇ. 30ರ ಗಡಿಯನ್ನು ದಾಟಿ 31.25ಕ್ಕೆ ಬಂದರು, ಅದೇ ವರ್ಷದ ಕೊನೆಗೆ ಬರ್ಲಿನ್ನಿನ ಹೆಲ್ಮ್‌ಹೋಲ್ಟ್ಸ್ ಕೇಂದ್ರ 32.5ನ್ನು ತೋರಿಸಿತು. 2023ರಲ್ಲಿ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯ 33.7ನ್ನೂ, ಚೀನಾದ ಲೋಂಗಿ ಕಂಪನಿ 33.9ನ್ನೂ ಪಡೆದವು. ಲೋಂಗಿ 2024ರಲ್ಲಿ 34.6ಕ್ಕೂ, 2025ರಲ್ಲಿ 34.85ಕ್ಕೂ ಏರಿತು. ಅಂದರೆ ಒಂದೇ ಪದರದ ಕೋಶಕ್ಕೆ ಶಾಕ್ಲಿ ಮತ್ತು ಕ್ವೈಸರ್ ಎಳೆದಿದ್ದ ಗೆರೆಯನ್ನು ಎರಡು ಪದರಗಳು ದಾಟಿದವು.

ಭಾರತವೂ ಈ ಓಟದಲ್ಲಿದೆ. ಮುಂಬಯಿಯ ಐಐಟಿಯಲ್ಲಿ 2010ರಿಂದ ನಡೆದಿರುವ ರಾಷ್ಟ್ರೀಯ ದ್ಯುತಿವಿದ್ಯುತ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪೆರೋವ್‌ಸ್ಕೈಟ್ ಮತ್ತು ಸಿಲಿಕಾನ್ ಕೋಶಗಳೆರಡಕ್ಕೂ ಪ್ರತ್ಯೇಕ ತಂತಿಗಳನ್ನು ಕೊಟ್ಟು, ಶೇ. 30ರ ಸಮೀಪಕ್ಕೆ ಬಂದಿದ್ದಾರೆ. ಸಿಲಿಕಾನನ್ನು ಬಿಟ್ಟು ಎರಡೂ ಪದರಗಳನ್ನು ಪೆರೋವ್‌ಸ್ಕೈಟಿನಿಂದಲೇ ಮಾಡುವ, ಇಲ್ಲವೇ ಸಿಲಿಕಾನಿನ ಮೇಲೆ ಎರಡು ಪೆರೋವ್‌ಸ್ಕೈಟ್ ಪದರಗಳನ್ನಿಟ್ಟು ಮೂರು ಪದರ ಮಾಡುವ ಪ್ರಯತ್ನಗಳೂ ಜಗತ್ತಿನ ಹಲವು ಕಡೆ ನಡೆದಿವೆ.

ಪ್ರಯೋಗಾಲಯದ ಅಂಕಿ, ಹೊಲದ ಅಂಕಿ

ಇಷ್ಟನ್ನು ಕೇಳಿ, ನಾಳೆಯೇ ಹಳೆಯ ಫಲಕವನ್ನು ಕಿತ್ತು ಹೊಸದನ್ನು ಕೂರಿಸಬಹುದು ಎಂದು ಯಾರೂ ಭಾವಿಸಬಾರದು. ಮೇಲೆ ಹೇಳಿದ ಅತ್ಯುನ್ನತ ಅಂಕಿಗಳು ಬಹುತೇಕ ಬೆರಳಿನ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರಿನಷ್ಟು ಕೋಶದಲ್ಲಿ ದೊರೆತವು. ಅಷ್ಟು ಚಿಕ್ಕ ಜಾಗದಲ್ಲಿ ದ್ರಾವಣವನ್ನು ದೋಷವಿಲ್ಲದೆ ಹರಡುವುದು ಬೇರೆ, ಬಾಗಿಲಿನಷ್ಟು ಅಗಲದ ಫಲಕದ ಮೇಲೆ ಹರಡುವುದು ಬೇರೆ. ದೊಡ್ಡ ಅಳತೆಯ ಕೋಶದಲ್ಲೂ ಶೇ. 33ರಷ್ಟನ್ನು 2025ರಲ್ಲಿ ಸಾಧಿಸಿದ್ದು ಈ ದಿಕ್ಕಿನಲ್ಲಿ ಮುಖ್ಯವಾದ ಹೆಜ್ಜೆ. ಆದರೆ 2024ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಪಿವಿ ತನ್ನ ಜರ್ಮನಿಯ ಕಾರ್ಖಾನೆಯಿಂದ ಗ್ರಾಹಕರಿಗೆ ಕಳುಹಿಸಿದ ಮೊದಲ ವಾಣಿಜ್ಯ ಫಲಕಗಳ ದಕ್ಷತೆ ಶೇ. 24.5 ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಇದಕ್ಕಿಂತ ದೊಡ್ಡ ಪ್ರಶ್ನೆ ಬಾಳಿಕೆಯದು. ಸಿಲಿಕಾನ್ ಫಲಕಕ್ಕೆ ಸಾಮಾನ್ಯವಾಗಿ 25 ವರ್ಷಗಳ ಭರವಸೆ ಇರುತ್ತದೆ. ಪೆರೋವ್‌ಸ್ಕೈಟಿಗೆ ತೇವ, ಶಾಖ, ಅತಿನೇರಳೆ ಕಿರಣ ಮೂರೂ ಶತ್ರುಗಳು. ಅದರೊಳಗಿನ ಅಯಾನುಗಳು ಬಿಸಿಲು ಬಿದ್ದಾಗ ತಮ್ಮ ಜಾಗ ಬಿಟ್ಟು ಸರಿಯುತ್ತವೆ. ಪದರ ನಿಧಾನವಾಗಿ ಕೆಡುತ್ತದೆ. ಫಲಕಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 85 ಡಿಗ್ರಿ ಉಷ್ಣತೆ ಮತ್ತು ಶೇ. 85ರ ತೇವಾಂಶದಲ್ಲಿ 1,000 ಗಂಟೆ ಇಡುವ ಕ್ರಮವಿದೆ. ಅದನ್ನು ದಾಟುವುದು ಅಗತ್ಯ, ಆದರೆ ಅದು ಇಪ್ಪತ್ತೈದು ಮುಂಗಾರುಗಳಿಗೆ ಸಮವಲ್ಲ. ಈಗಿನ ಸಂಶೋಧನೆಯ ಹೆಚ್ಚಿನ ಶ್ರಮ ದಕ್ಷತೆಯನ್ನು ಏರಿಸುವುದರಿಂದ ಬಾಳಿಕೆಯನ್ನು ಹೆಚ್ಚಿಸುವುದರತ್ತ ಹೊರಳುತ್ತಿರುವುದು ಈ ಕಾರಣಕ್ಕಾಗಿಯೇ.

ವಿದ್ಯಾರ್ಥಿಗಳು ಇಲ್ಲೊಂದು ಸರಳ ಗುಣಾಕಾರವನ್ನು ಮಾಡಬಹುದು. ಶೇ. 22ರ ಫಲಕ 25 ವರ್ಷ ಬಾಳಿದರೆ 22ನ್ನು 25ರಿಂದ ಗುಣಿಸಿ 550 ಎನ್ನಿ. ಶೇ. 30ರ ಫಲಕ ಹತ್ತೇ ವರ್ಷ ಬಾಳಿದರೆ 300. ಅದೇ ನೆಲ, ಅದೇ ಬಿಸಿಲು. ಹೆಚ್ಚು ದಕ್ಷತೆಯ ಫಲಕವೇ ತನ್ನ ಆಯುಷ್ಯದಲ್ಲಿ ಕಡಿಮೆ ದುಡಿದಂತಾಯಿತು. ಮೇಲಾಗಿ ಅದನ್ನು ಎರಡೆರಡು ಬಾರಿ ಬದಲಿಸಬೇಕು, ಕೆಟ್ಟದ್ದನ್ನು ಎಲ್ಲಿಯಾದರೂ ಇಡಬೇಕು. ದಕ್ಷತೆಯನ್ನು ಮಾತ್ರ ಹೇಳಿ ಆಯುಷ್ಯವನ್ನು ಹೇಳದವನ ಮಾತು ಅರ್ಧ ಮಾತು.

ಬೆಟ್ಟದ ನಾಡಿಗೆ ಮುಖ್ಯವಾದ ಮತ್ತೊಂದು ಸೂಕ್ಷ್ಮವಿದೆ. ಎರಡು ಪದರಗಳನ್ನು ಒಂದೇ ಸರಣಿಯಲ್ಲಿ ಜೋಡಿಸಿದರೆ, ಎರಡರಲ್ಲಿ ಯಾವುದು ಕಡಿಮೆ ವಿದ್ಯುತ್ ಪ್ರವಾಹ ಕೊಡುತ್ತದೋ ಅಷ್ಟೇ ಇಡೀ ಕೋಶದಿಂದ ಹೊರಬರುತ್ತದೆ. ಕಾಲುವೆಯ ಮೊದಲ ತೂಬು ಎಷ್ಟೇ ಅಗಲವಾಗಿರಲಿ, ಎರಡನೆಯದು ಕಿರಿದಾದರೆ ನೀರು ಹರಿಯುವುದು ಕಿರಿದರ ಅಳತೆಯಲ್ಲಿ. ಬೆಳಕಿನಲ್ಲಿ ನೀಲಿ ಮತ್ತು ಕೆಂಪಿನ ಪಾಲು ಇಡೀ ದಿನ ಒಂದೇ ತೆರನಾಗಿರುವುದಿಲ್ಲ. ಮುಂಜಾನೆ ಮತ್ತು ಸಂಜೆ ಕೆಂಪು ಹೆಚ್ಚು, ಮೋಡ ಕವಿದಾಗ ನೀಲಿಯ ಪಾಲು ಹೆಚ್ಚು. ಪದರಗಳಿಗೆ ಬೇರೆ ಬೇರೆ ತಂತಿಗಳನ್ನು ಕೊಡುವ ವಿಧಾನದಲ್ಲಿ ಈ ತೊಡಕಿಲ್ಲ, ಆದರೆ ತಂತಿ ಮತ್ತು ಗಾಜಿನ ಖರ್ಚು ಹೆಚ್ಚು. ಯುರೋಪಿನ ಅಥವಾ ಚೀನಾದ ಪ್ರಯೋಗಾಲಯದ ದೀಪದಡಿಯಲ್ಲಿ ಹೊಂದಿಸಿದ ಕೋಶ, ಸಾವನದುರ್ಗದ ತಪ್ಪಲಿನ ಆಷಾಢದ ಮೋಡದಲ್ಲಿ ಎಷ್ಟು ಕೊಡುತ್ತದೆ ಎಂಬುದನ್ನು ಇಲ್ಲಿಯೇ ಅಳೆದು ನೋಡಬೇಕು.

ಸೀಸದ ಪ್ರಶ್ನೆ

ಪೆರೋವ್‌ಸ್ಕೈಟ್ ಪದರದಲ್ಲಿ ಸೀಸವಿದೆ. ಪ್ರಮಾಣ ಕಡಿಮೆ, ಪದರವು ಒಂದು ಮಿಲಿಮೀಟರಿನ ಸಾವಿರದೊಂದು ಭಾಗಕ್ಕಿಂತಲೂ ತೆಳುವಾಗಿರುವುದರಿಂದ ಚದರ ಮೀಟರಿಗೆ ಒಂದು ಗ್ರಾಮಿಗಿಂತ ಕಡಿಮೆ. ಸಾಮಾನ್ಯ ಸಿಲಿಕಾನ್ ಫಲಕದ ಬೆಸುಗೆಯಲ್ಲೂ ಸೀಸವಿದೆ ಎಂದು ತಯಾರಕರು ಹೇಳುವುದು ಸುಳ್ಳಲ್ಲ. ಆದರೆ ಬೆಸುಗೆಯ ಸೀಸ ಲೋಹ. ಪೆರೋವ್‌ಸ್ಕೈಟಿನ ಸೀಸ ನೀರಿನಲ್ಲಿ ಕರಗುವ ಲವಣ. ಗಾಜು ಒಡೆದು ಮಳೆ ಬಿದ್ದರೆ ಅದು ಮಣ್ಣಿಗಿಳಿಯುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಪುದೀನ ಗಿಡಗಳು ಪೆರೋವ್‌ಸ್ಕೈಟಿನಿಂದ ಬಂದ ಸೀಸವನ್ನು ಮಣ್ಣಿನಲ್ಲಿರುವ ಇತರ ಮೂಲಗಳ ಸೀಸಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಹೀರಿಕೊಂಡವು ಎಂದು ತೋರಿಸಿತು.

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆಯಿರುವ ರಾಮನಗರಕ್ಕೆ ಈ ಮಾತಿನ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಹೊಲದಲ್ಲಿ ಸಿಂಪಡಿಸಿದ ಔಷಧ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೂ ಹುಳು ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಇಲ್ಲಿಯ ಬೆಳೆಗಾರರು ಬಲ್ಲರು. ಒಂದು ಹುಳು ಕೆಟ್ಟರೆ ಒಂದು ಚಂದ್ರಿಕೆ, ಒಂದು ಚಂದ್ರಿಕೆ ಕೆಟ್ಟರೆ ಆ ಬೆಳೆಯ ಸಾಲ. ಹಿಪ್ಪುನೇರಳೆ ತೋಟದ ಬದಿಯಲ್ಲಿ ಒಡೆದ ಫಲಕ ಬಿದ್ದಿರುವುದು ಸಣ್ಣ ಸಂಗತಿಯಾಗದು.

ಇದಕ್ಕೆ ಪರಿಹಾರದ ಹುಡುಕಾಟವೂ ನಡೆದಿದೆ. ಗಾಜು ಒಡೆದರೂ ಸೀಸವನ್ನು ಹಿಡಿದಿಟ್ಟುಕೊಳ್ಳುವ ಲೇಪಗಳು, ಸೀಸದ ಬದಲು ತವರವನ್ನು ಬಳಸುವ ಪ್ರಯತ್ನಗಳು, ಹಳೆಯ ಫಲಕದಿಂದ ಸೀಸವನ್ನು ಮರಳಿ ಪಡೆಯುವ ವಿಧಾನಗಳು ಸಂಶೋಧನೆಯ ಮುಖ್ಯ ಧಾರೆಗಳಾಗಿವೆ. ತವರದ ಕೋಶಗಳು ಇನ್ನೂ ದಕ್ಷತೆಯಲ್ಲೂ ಬಾಳಿಕೆಯಲ್ಲೂ ಹಿಂದಿವೆ. ಕಾನೂನಿನ ಕಡೆಯಿಂದ, 2022ರ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳನ್ನೂ ತಮ್ಮ ವ್ಯಾಪ್ತಿಗೆ ತಂದು, ಹಳೆಯ ಫಲಕಗಳ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ 2034–35ರವರೆಗೆ ಅವರು ಅದನ್ನು ಸಂಗ್ರಹಿಸಿಡಬೇಕೆಂಬುದಷ್ಟೇ ಮುಖ್ಯ ಕಟ್ಟುಪಾಡು. ಊರಿನ ಗುಜರಿ ಅಂಗಡಿಗೆ ಹೋಗಿ ಸೇರುವ ಒಡೆದ ಫಲಕವನ್ನು ಯಾರು ಹಿಂಪಡೆಯುತ್ತಾರೆ ಎಂಬುದನ್ನು ಕೊಳ್ಳುವ ದಿನವೇ ಕೇಳಿ ಬರೆಸಿಕೊಳ್ಳಬೇಕು.

ಹಾರೋಬೆಲೆಯ ಪಂಪ್‌ಸೆಟ್ಟು ಮತ್ತು ನಾಳೆಯ ಕೋಶ

ಈ ಎಲ್ಲವೂ ದೂರದ ಮಾತೆಂದು ತೋರಿದರೆ ಕನಕಪುರ ತಾಲ್ಲೂಕಿನ ಹಾರೋಬೆಲೆಯತ್ತ ನೋಡಬಹುದು. ಕರ್ನಾಟಕ ಸರ್ಕಾರ 2014ರಲ್ಲಿ ಘೋಷಿಸಿದ ಸೂರ್ಯ ರೈತ ಯೋಜನೆಯ ಪ್ರಯೋಗವನ್ನು ಬೆಸ್ಕಾಂ ಆ ಭಾಗದ ಸುಮಾರು 300 ಪಂಪ್‌ಸೆಟ್ಟುಗಳ ಮೇಲೆ ನಡೆಸಿತು. ರೈತನ ಹೊಲದಲ್ಲೇ ಸೌರ ಫಲಕ. ಅದರ ವಿದ್ಯುತ್ತಿನಿಂದ ಪಂಪು. ಮಿಕ್ಕ ವಿದ್ಯುತ್ತು ಜಾಲಕ್ಕೆ ಮಾರಾಟ. ಇದರ ಹಿಂದಿನ ಆಲೋಚನೆ ಗಮನಾರ್ಹವಾದುದು. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ತು ಉಚಿತ. ಉಚಿತವಾದುದನ್ನು ಉಳಿಸುವವರು ಕಡಿಮೆ; ನೀರೂ ಅದರೊಂದಿಗೆ ಖಾಲಿಯಾಗುತ್ತದೆ. ಮಿಕ್ಕ ವಿದ್ಯುತ್ತಿಗೆ ಹಣ ಸಿಗುವುದಾದರೆ ಅಂತರ್ಜಲವನ್ನು ಬಿಟ್ಟು ಬಿಸಿಲನ್ನು ಮಾರಬಹುದೆಂಬ ಲೆಕ್ಕ ರೈತನಿಗೂ ಹೊಳೆಯುತ್ತದೆ. ಕೊಳವೆಬಾವಿಗಳು ವರ್ಷ ವರ್ಷಕ್ಕೂ ಆಳಕ್ಕಿಳಿಯುತ್ತಿರುವ ಸೀಮೆಗೆ ಇದು ಯೋಚಿಸತಕ್ಕ ದಾರಿ.

ಈಗ ಇದಕ್ಕೆ ಬಹುಪದರ ಕೋಶವನ್ನು ಸೇರಿಸಿ ಲೆಕ್ಕ ಮಾಡಬೇಕು. 5 ಕಿಲೋವಾಟ್ ಫಲಕಗಳಿಗೆ ಶೇ. 22ರ ದಕ್ಷತೆಯಲ್ಲಿ ಸುಮಾರು 23 ಚದರ ಮೀಟರ್ ಮೇಲ್ಮೈ ಬೇಕು, ಶೇ. 30ರಲ್ಲಿ ಸುಮಾರು 17 ಚದರ ಮೀಟರ್ ಸಾಕು. ಆರು ಚದರ ಮೀಟರಿನ ಉಳಿತಾಯ ಹೊಲದಲ್ಲಿ ದೊಡ್ಡದಲ್ಲ. ಆದರೆ ಅದೇ ಫಲಕ ಹುಳು ಮನೆಯ ಚಾವಣಿಯ ಮೇಲೋ, ಚನ್ನಪಟ್ಟಣದ ಬೊಂಬೆ ಕಾರ್ಖಾನೆಯ ಶೀಟಿನ ಮೇಲೋ ಕೂರಬೇಕಾದಾಗ ಆ ಆರು ಚದರ ಮೀಟರ್ ಇದೆಯೇ ಇಲ್ಲವೇ ಎಂಬುದೇ ನಿರ್ಣಾಯಕ. ಪಾವಗಡದ ಅಳತೆಯಲ್ಲಿ ಹೇಳುವುದಾದರೆ, ದಕ್ಷತೆ ಒಂದೂವರೆ ಪಟ್ಟಾದರೆ ಮೂರನೆಯ ಒಂದು ಭಾಗದಷ್ಟು ನೆಲ ಉಳಿಯುತ್ತದೆ. 13,000 ಎಕರೆಯಲ್ಲಿ 4,000ಕ್ಕೂ ಹೆಚ್ಚು ಎಕರೆ.

ಆದರೆ ಉಳಿದ ನೆಲ ತಾನಾಗಿ ಕುರಿಗಾಹಿಗೆ ಮರಳುವುದಿಲ್ಲ. ಅದೇ 13,000 ಎಕರೆಯಲ್ಲಿ ಒಂದೂವರೆ ಪಟ್ಟು ವಿದ್ಯುತ್ ಬೆಳೆಯೋಣವೆಂದು ಕಂಪನಿಗಳು ಹೇಳಿದರೆ ಉಳಿತಾಯವೇ ಇಲ್ಲ. ಪದರ ಹೆಚ್ಚಿದಷ್ಟೂ ನೆಲ ಉಳಿಯುವುದು ಸಾಧ್ಯ. ಉಳಿಸುವುದು ಮಾತ್ರ ಜನರ ನಿರ್ಧಾರ. ಮೊದಲು ಚಾವಣಿ, ಅನಂತರ ಪಂಪ್‌ಸೆಟ್ಟಿನ ಬದಿ, ಅನಂತರ ಕಾಲುವೆ ಮತ್ತು ರಸ್ತೆಯ ಅಂಚು, ಕೊನೆಗೆ ಮಾತ್ರ ಹೊಲ, ಬೆಟ್ಟವಂತೂ ಬೇಡವೆಂಬ ಸರದಿಯನ್ನು ಗ್ರಾಮಸಭೆಗಳು ಈಗಲೇ ಬರೆದಿಟ್ಟರೆ, ಹೊಸ ಕೋಶ ಬಂದಾಗ ಅದರ ಲಾಭ ನೆಲಕ್ಕೆ ಸಲ್ಲುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಮನೆಯ ಚಾವಣಿಗೆ 78,000 ರೂಪಾಯಿಯವರೆಗೆ ಸಹಾಯಧನ ನೀಡುತ್ತಿದೆ. ಸರದಿಯ ಮೊದಲ ಮೆಟ್ಟಿಲಿಗೆ ಇಂದಿನ ಸಿಲಿಕಾನ್ ಫಲಕವೇ ಸಾಕು. ನಾಳೆಯ ಕೋಶಕ್ಕಾಗಿ ಕಾಯುತ್ತ ಕೂರಬೇಕಾಗಿಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಪದರಗಳು ಎಷ್ಟೇ ಇರಲಿ, ಸೂರ್ಯ ಮುಳುಗಿದ ಮೇಲೆ ಕೋಶ ದುಡಿಯದು. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವ ಹೆಸರಿನಲ್ಲೇ ಶರಾವತಿ ಕಣಿವೆಯ ಸಿಂಗಳೀಕಗಳ ಕಾಡಿನಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಪ್ರಸ್ತಾಪವಾಗಿ ಮಲೆನಾಡಿನ ಪ್ರತಿರೋಧವನ್ನು ಎದುರಿಸಿತು. ಹೊಲದಲ್ಲಿ ಉಳಿಸಿದ ನೆಲವನ್ನು ಕಾಡಿನಲ್ಲಿ ಕಳೆದರೆ ಲೆಕ್ಕ ಸರಿಹೋಗುವುದಿಲ್ಲ. ಪಂಪು, ಹಿಟ್ಟಿನ ಗಿರಣಿ, ನೂಲು ತೆಗೆಯುವ ಯಂತ್ರಗಳಂಥ ಹಗಲಿನ ಕೆಲಸಗಳನ್ನು ಹಗಲಿನ ವಿದ್ಯುತ್ತಿಗೆ ಹೊಂದಿಸುವುದು ಯಾವ ಕಾಡನ್ನೂ ಕೇಳದ ಸಂಗ್ರಹ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಬಹುಪದರ ಫಲಕಗಳು ಮುಂಬರುವ ವರ್ಷಗಳಲ್ಲಿ ಈ ಮಾರುಕಟ್ಟೆಗೂ ಬರಲಿವೆ, ಆಕರ್ಷಕ ಅಂಕಿಗಳೊಂದಿಗೆ. ಆಗ ಮಾರುವವನಿಗೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಈ ದಕ್ಷತೆ ಇಡೀ ಫಲಕದ್ದೋ, ಉಗುರಿನಷ್ಟು ಕೋಶದ್ದೋ? ಎಷ್ಟು ವರ್ಷಗಳ ಅನಂತರ ಎಷ್ಟು ಉಳಿಯುತ್ತದೆ? ಒಡೆದರೆ ಸೀಸ ಎಲ್ಲಿಗೆ ಹೋಗುತ್ತದೆ, ಹಳೆಯದನ್ನು ಯಾರು ಒಯ್ಯುತ್ತಾರೆ? ಇದು ಯಾರ ನೆಲದ ಮೇಲೆ ಕೂರುತ್ತದೆ? ಮೊದಲ ಮೂರಕ್ಕೆ ಪ್ರಯೋಗಾಲಯ ಉತ್ತರ ಹುಡುಕುತ್ತಿದೆ. ನಾಲ್ಕನೆಯದರ ಉತ್ತರ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಬೇಕಾದದ್ದು. ಅದನ್ನು ಬರೆಯಲು ಯಾವ ಸಂಶೋಧನೆಗೂ ಕಾಯಬೇಕಿಲ್ಲ.